ತುಕ್ಕು ತಿಂದ ಮಾರ್ಕ್ 1 ಗಾಲ್ಫ್ ಜಿಟಿಐ: ವೆಲ್ಡಿಂಗ್ ಕಲಿಯುತ್ತಲೇ ಸಿಲ್ ಬದಲಿಸಬಹುದೇ?

ತಗಡುಪ್ರೇಮಿ:

ಗಾಡಿ 1983ರ ಮೂರು ಬಾಗಿಲಿನ ಗಾಲ್ಫ್ ಜಿಟಿಐ, 1.8 ಲೀಟರ್, 112 ಪಿಎಸ್. ಕಂಪ್ರೆಷನ್ ಚೆನ್ನಾಗಿದೆ, ಗೇರ್‌ಬಾಕ್ಸ್ ಸದ್ದಿಲ್ಲ. ಹತ್ತು ನಿಮಿಷ ಓಡಿದ ಮೇಲೆ ಎಂಜಿನ್ ಮಿಸ್ ಹೊಡೆಯುತ್ತದೆ, ಅದನ್ನು ಆಮೇಲೆ ನೋಡೋಣ ಅಂದುಕೊಂಡಿದ್ದೇನೆ. ಈಗಿನ ತಲೆನೋವು ಬಾಡಿಯದು.

ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿದಾಗ ಸಿಕ್ಕಿದ್ದು ಇಷ್ಟು: ಎರಡೂ ಸಿಲ್‌ಗಳ (ಬಾಗಿಲ ಕೆಳಗೆ ಉದ್ದಕ್ಕಿರುವ ಪೆಟ್ಟಿಗೆಯಂಥ ತಗಡು) ಹಿಂದಿನ ಅರ್ಧ ಉಬ್ಬಿದೆ, ಎಡಗಡೆ ಜಾಕಿ ಕೊಡುವ ಜಾಗ ಒತ್ತಿದರೆ ಒಳಗೆ ಹೋಗುತ್ತದೆ. ಡ್ರೈವರ್ ಕಾಲಿಡುವಲ್ಲಿ ಫ್ಲೋರ್‌ಗೆ ಅಂಗೈ ಅಗಲದ ತೂತು, ಕಾರ್ಪೆಟ್ ಯಾವಾಗಲೂ ಒದ್ದೆ. ಹಿಂದಿನ ಚಕ್ರದ ಕಮಾನಿನಲ್ಲಿ ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲ್ಗಡೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ಬ್ಯಾಟರಿ ತಟ್ಟೆ ಪುಡಿಪುಡಿ.

ಕೈಯಲ್ಲಿರುವುದು ಮಿಗ್ (ವೈರ್ ತಾನೇ ಮುಂದೆ ಬರುವ) ವೆಲ್ಡಿಂಗ್ ಮೆಷಿನ್, ಸದ್ಯಕ್ಕೆ ಗ್ಯಾಸ್ ಇಲ್ಲದೆ 0.9 ಮಿ.ಮೀ. ಫ್ಲಕ್ಸ್ ವೈರ್ (ಒಳಗೆ ಪುಡಿ ತುಂಬಿದ್ದು) ಹಾಕಿದೆ. ವೆಲ್ಡಿಂಗ್ ಪೂರ್ತಿ ಹೊಸದು. ಈ ಸೆಟಪ್ ಸಾಕೇ? ಯಾವ ಜಾಗದಿಂದ ಶುರು ಮಾಡಬೇಕು? ಸಿಲ್ ನಾನೇ ಮಾಡಬಹುದೇ, ಬಿಟ್ಟುಬಿಡಲೇ?

ಕಿಡಿಗಣ್ಣ:

ಮೊದಲು ಮೆಷಿನ್ ವಿಷಯ. ಈ ಕಾಲದ ಕಾರುಗಳ ತಗಡು 0.8ರಿಂದ 1 ಮಿ.ಮೀ. ಅದಕ್ಕೆ 0.9 ಫ್ಲಕ್ಸ್ ವೈರ್ ಅಂದರೆ ಸೊಳ್ಳೆಗೆ ಸುತ್ತಿಗೆ. ತಗಡು ಸುಟ್ಟು ತೂತಾಗುತ್ತದೆ, ಪ್ರತಿ ಟ್ಯಾಕ್ (ಒಂದು ಚುಕ್ಕೆಯಷ್ಟು ವೆಲ್ಡ್) ಮೇಲೂ ಸ್ಲಾಗ್ (ಗಾಜಿನಂಥ ಕಿಟ್ಟ) ಕೂರುತ್ತದೆ, ಅದನ್ನು ಕೆರೆಯದೆ ಪಕ್ಕದಲ್ಲಿ ಇನ್ನೊಂದು ಟ್ಯಾಕ್ ಇಟ್ಟರೆ ಸ್ಲಾಗ್ ಒಳಗೇ ಉಳಿಯುತ್ತದೆ. ನಿಮ್ಮ ಮೆಷಿನ್‌ಗೆ ಗ್ಯಾಸ್ ಪೈಪ್ ಜೋಡಿಸುವ ಕನೆಕ್ಷನ್ ಇದೆಯಾ ನೋಡಿ. ಇದ್ದರೆ 0.6 ಮಿ.ಮೀ. ಸಾಲಿಡ್ ವೈರ್ ಹಾಕಿ, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರಣದ ಗ್ಯಾಸ್ ತನ್ನಿ, ನಿಮಿಷಕ್ಕೆ 8ರಿಂದ 10 ಲೀಟರ್ ಇಡಿ. ಡ್ರೈವ್ ರೋಲರ್‌ನಲ್ಲಿ ವೈರ್ ಕೂರುವ ತೋಡು 0.6ರದ್ದೇ ಇರಬೇಕು, ಕಾಂಟ್ಯಾಕ್ಟ್ ಟಿಪ್ ಕೂಡ.

ಬಹಳ ಜನ ಮರೆಯುವುದು ಪೋಲಾರಿಟಿ. ಫ್ಲಕ್ಸ್ ವೈರ್‌ಗೆ ವೆಲ್ಡಿಂಗ್ ಟಾರ್ಚ್ (ಕೈಯಲ್ಲಿ ಹಿಡಿಯುವ ಗನ್) ನೆಗೆಟಿವ್, ಗ್ಯಾಸ್ ಜೊತೆ ಸಾಲಿಡ್ ವೈರ್‌ಗೆ ಟಾರ್ಚ್ ಪಾಸಿಟಿವ್. ಮೆಷಿನ್ ಒಳಗೆ ಎರಡು ಕೇಬಲ್ ಅದಲುಬದಲು ಮಾಡಬೇಕು. ಮಾಡದಿದ್ದರೆ ವೆಲ್ಡ್ ತಗಡಿನ ಮೇಲೆ ಗೋಲಿ ಕೂತಂತೆ ಕೂರುತ್ತದೆ, ನೀವು ಕೈಯನ್ನು ಬೈದುಕೊಳ್ಳುತ್ತೀರಿ.

ಕಲಿಯೋದಕ್ಕೆ ಹೊಸ ದಪ್ಪ ಪಟ್ಟಿ ತರಬೇಡಿ. ಗುಜರಿಗೆ ಹೋಗುವ ಹಳೇ ಬಾನೆಟ್ ಅಥವಾ ಬಾಗಿಲಿನಿಂದ 100 x 50 ಮಿ.ಮೀ. ತುಂಡು ಕತ್ತರಿಸಿ, ಎರಡೂ ಮೈ ಪೇಂಟ್ ತೆಗೆದು ಹೊಳೆಯುವ ಲೋಹ ಕಾಣಿಸಿ, ಅದರ ಮೇಲೆ ಕಲಿಯಿರಿ. ಅಂಚಿಗೆ ಅಂಚು ಇಟ್ಟು, ಮಧ್ಯೆ ವೈರ್ ದಪ್ಪದಷ್ಟು ಸಂದಿ ಬಿಡಿ. ವೈರ್ ತುದಿ ಟಿಪ್‌ನಿಂದ 10 ಮಿ.ಮೀ. ಹೊರಗೆ. ಟ್ರಿಗರ್ ಒತ್ತಿ ಅರ್ಧ ಸೆಕೆಂಡ್, ಅಥವಾ ಸ್ವಲ್ಪ ಹೆಚ್ಚು, ಬಿಡಿ. ಮಾಸ್ಕ್ ಒಳಗಿಂದ ನೋಡುತ್ತಲೇ ಇರಿ: ಕೆಂಪು ಚುಕ್ಕೆ ಕುಗ್ಗಿ ಕಪ್ಪಾದ ಮೇಲೆ ಮುಂದಿನದು. ಟ್ಯಾಕ್‌ಗಳ ನಡುವೆ 25 ಮಿ.ಮೀ. ಅಂತರ. ಆಮೇಲೆ ನಡುವಿನ ಜಾಗಕ್ಕೆ ಒಂದೊಂದು, ಒಂದು ಈ ತುದಿ, ಇನ್ನೊಂದು ಆ ತುದಿ. ಉದ್ದಕ್ಕೆ ಗೆರೆ ಎಳೆದಂತೆ ವೆಲ್ಡ್ ಹಾಕಿದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಕಿವಿಯೂ ಬೇಕು. ಸೆಟ್ಟಿಂಗ್ ಸರಿ ಇದ್ದರೆ ಒಂದೇ ಸಮ ಚರಚರ. ಪಟ್ ಪಟ್ ಎಂದು ಟಾರ್ಚ್ ಹಿಂದೆ ತಳ್ಳಿದಂತಾದರೆ ವೈರ್ ವೇಗ ಜಾಸ್ತಿ. ವೈರ್ ತುದಿ ಗುಂಡಗೆ ಕರಗಿ ಟಿಪ್‌ಗೇ ಅಂಟಿದರೆ ವೇಗ ಕಡಿಮೆ ಅಥವಾ ವೋಲ್ಟೇಜ್ ಜಾಸ್ತಿ.

ಪರೀಕ್ಷೆ ಹೀಗೆ: ತುಂಡು ತಿರುಗಿಸಿ ನೋಡಿ, ಹಿಂದುಗಡೆಯೂ ವೆಲ್ಡ್ ಸಣ್ಣಗೆ ಉಬ್ಬಿ ಬಂದಿರಬೇಕು. ಆಮೇಲೆ ವೈಸ್‌ಗೆ ಹಾಕಿ ಸುತ್ತಿಗೆಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯಿರಿ. ವೆಲ್ಡ್ ಪಕ್ಕದ ತಗಡು ಹರಿದರೆ ಪಾಸು. ವೆಲ್ಡೇ ಎದ್ದು ಬಂದರೆ ಇನ್ನೂ ಕಾರಿನ ಹತ್ತಿರ ಹೋಗಬೇಡಿ. ಮೇಜಿನ ಮೇಲೆ ಮಲಗಿಸಿ ಮಾಡಿದ್ದು ಚೆನ್ನಾಗಿ ಬಂದರೆ ಅದನ್ನೇ ಗೋಡೆಗೆ ನಿಲ್ಲಿಸಿ ಮೇಲಿಂದ ಕೆಳಗೆ ಮಾಡಿ ನೋಡಿ. ಕಾರಿನಲ್ಲಿ ಮಲಗಿರುವ ತಗಡು ಸಿಗುವುದು ಅಪರೂಪ.

ಮೂರನೇ_ಗೇರ್:

ಮೇಲಿನವರು ಹೇಳಿದ್ದು ಸರಿ. ನಾನು ಈ ಗಾಡಿಗೆ ಸಂಬಂಧಪಟ್ಟದ್ದು ಹೇಳುತ್ತೇನೆ.

ಆ "ಮಿಸ್" ಆಮೇಲೆ ನೋಡುವ ವಿಷಯವಲ್ಲ, ಅದೂ ತುಕ್ಕಿನದ್ದೇ ಇರಬಹುದು. ಮಾರ್ಕ್ 1ರಲ್ಲಿ ಪೆಟ್ರೋಲ್ ತುಂಬಿಸುವ ಕೊಳವೆ ಉಕ್ಕಿನದು. ಅದು ಹಿಂದಿನ ಬಲಚಕ್ರದ ಕಮಾನಿನೊಳಗೆ ಕೆಸರು ತಿನ್ನುತ್ತಾ ಕೂತಿರುತ್ತದೆ. ಕೊಳೆತಾಗ ತುಕ್ಕಿನ ಚಕ್ಕೆ, ಮಳೆನೀರು ಎರಡೂ ಟ್ಯಾಂಕಿಗೆ ಬೀಳುತ್ತವೆ. ಅಲ್ಲಿಂದ ಪಂಪ್, ಫಿಲ್ಟರ್, ಕೊನೆಗೆ ಕೆ-ಜೆಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಪೆಟ್ರೋಲ್ ಹಂಚುವ ಫ್ಯೂಯೆಲ್ ಡಿಸ್ಟ್ರಿಬ್ಯೂಟರ್. ಅದರೊಳಗೆ ಪೆಟ್ರೋಲ್ ಅಳೆಯುವ ಸೀಳುಗಳು ಕೂದಲೆಳೆಯಷ್ಟು, ಅಲ್ಲಿಗೆ ಪುಡಿ ಹೋದರೆ ಕಥೆ ದುಬಾರಿ. ಚಕ್ರ ಬಿಚ್ಚಿ, ಕೊಳವೆ ಮೇಲಿನ ಕೆಸರು ಕೆರೆದು, ಬೆಳಕಿನ ಟಾರ್ಚ್ ಹಿಡಿದು ನೋಡಿ. ಕೊಳವೆ ಬದಲಿಸಿ, ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಹೊಸದು ಹಾಕಿ. ಅಲ್ಲಿಯವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಹಿಂಭಾಗದಲ್ಲಿ ವೆಲ್ಡ್ ಮಾಡಲು ಟ್ಯಾಂಕ್ ಹೇಗೂ ಇಳಿಸಲೇಬೇಕು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿರುವುದು ಆವಿ. ಇಳಿಸಿದ್ದನ್ನು ಅದೇ ಶೆಡ್‌ನಲ್ಲಿ ಇಡಬೇಡಿ.

ಎರಡನೆಯದು, ಒದ್ದೆ ಕಾರ್ಪೆಟ್. ಫ್ಲೋರ್‌ನ ತೂತಿನಿಂದ ನೀರು ಮೇಲೆ ಬರುತ್ತಿದೆ ಅನ್ನುವುದಕ್ಕಿಂತ, ಮೇಲಿಂದ ಬಂದ ನೀರೇ ಆ ತೂತು ಮಾಡಿದೆ. ಮುಂದಿನ ಗಾಜಿನ ಕೆಳಗಿನ ಮೂಲೆಗಳು, ಬಾನೆಟ್ ಹಿಂದಿನ ನೀರಿನ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡ ಡ್ರೈನ್, ಬಾಗಿಲ ಒಳಗಿನ ಹರಿದ ಪ್ಲಾಸ್ಟಿಕ್ ಹಾಳೆ, ಈ ಮೂರನ್ನು ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಕೆಳಗಿನಿಂದ ಶುರು ಮಾಡಿ ಒಂದೊಂದೇ ಜಾಗಕ್ಕೆ ಚೊಂಬಿನಲ್ಲಿ ನೀರು ಹಾಕಲಿ. ಪೈಪ್ ಹಿಡಿದು ಒಟ್ಟಿಗೆ ಎರಚಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಇದು ಪತ್ತೆಯಾಗದೆ ಹೊಸ ಫ್ಲೋರ್ ಹಾಕಿದರೆ ಅದೂ ಹೋಗುತ್ತದೆ.

ಮ್ಯಾಗ್ನೆಟ್ ಹಿಡಿಯದ ಕಮಾನು: ಮೇಲೆ ಥಳುಕು, ಒಳಗೆ ಹುಳುಕು. ಪುಟ್ಟಿ ಪೂರ್ತಿ ಕೆರೆದರೆ ಒಳಗೆ ತಗಡೇ ಇಲ್ಲದಿರಬಹುದು. ಆ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಕೆಸರು ಸೇರುವುದು ಜಿಟಿಐಗಳ ಹುಟ್ಟುಗುಣ.

ಶುರು ಮಾಡುವುದು ಬ್ಯಾಟರಿ ತಟ್ಟೆಯಿಂದ. ಅಲ್ಲಿ ಕೈ ಆಡುತ್ತದೆ, ತಪ್ಪಾದರೆ ಗಾಡಿಯ ಬಲಕ್ಕೆ ಧಕ್ಕೆ ಇಲ್ಲ, ಮೇಲೆ ಬ್ಯಾಟರಿ ಕೂತು ಮುಚ್ಚುತ್ತದೆ. ಆಸಿಡ್ ಬಿದ್ದ ಜಾಗವಾದ್ದರಿಂದ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿಯೇ ಗ್ರೈಂಡರ್ ಹಿಡಿಯಿರಿ. ಆಮೇಲೆ ಫ್ಲೋರ್. ಸಿಲ್ ಕೊನೆಗೆ.

ತಗಡುಪ್ರೇಮಿ:

ಗ್ಯಾಸ್, 0.6 ವೈರ್ ಹಾಕಿದೆ, ಪೋಲಾರಿಟಿ ಬದಲಿಸಿದೆ. ಅಭ್ಯಾಸದ ತುಂಡುಗಳು ವೈಸ್ ಪರೀಕ್ಷೆ ದಾಟುತ್ತಿವೆ. ಆದರೆ ಫ್ಲೋರ್‌ನಲ್ಲಿ ಪ್ಯಾಚ್ ಟ್ಯಾಕ್ ಮಾಡಲು ಹೋದರೆ ಎರಡು ತೊಂದರೆ. ಕೆಲವು ಟ್ಯಾಕ್ ಜೇನುಗೂಡಿನ ಹಾಗೆ ತೂತುತೂತು. ಹಳೇ ತಗಡಿನ ಅಂಚು ಮಾತ್ರ ಕರಗಿ ಹಿಂದೆ ಓಡುತ್ತದೆ, ಸಂದಿ ದೊಡ್ಡದಾಗುತ್ತಾ ಹೋಗುತ್ತದೆ. ಸೆಟ್ಟಿಂಗ್ ಅದೇ ಇದೆ.

ಕಿಡಿಗಣ್ಣ:

ಎರಡಕ್ಕೂ ಕಾರಣ ಒಂದೇ ಇರಬಹುದು: ಸಾಕಷ್ಟು ಹಿಂದಕ್ಕೆ ಕತ್ತರಿಸಿಲ್ಲ. ತುಕ್ಕಿನ ತೂತಿನ ಸುತ್ತ ತಗಡು ನೋಡಲು ಗಟ್ಟಿ ಅನ್ನಿಸಿದರೂ ಅರ್ಧ ದಪ್ಪ ಆಗಲೇ ಹೋಗಿರುತ್ತದೆ. ಅಂಚಿಗೆ ಕ್ಯಾಲಿಪರ್ ಹಾಕಿ ಅಳೆಯಿರಿ. 0.5 ಮಿ.ಮೀ. ತೋರಿಸಿದರೆ 0.9 ಮಿ.ಮೀ. ತಗಡಿನ ಸೆಟ್ಟಿಂಗ್‌ನಲ್ಲಿ ಅದು ನಿಲ್ಲುವುದಿಲ್ಲ. ಅಂಗೈ ಅಗಲದ ತೂತಿಗೆ ತಟ್ಟೆ ಅಗಲದ ಪ್ಯಾಚ್ ಬೇಕಾಗುವುದು ಮಾಮೂಲು, ಬೇಸರ ಬೇಡ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆಯಲ್ಲಿ ಶಾಖ ಸೇರಿ ತಗಡು ಸುಡುತ್ತದೆ.

ಜೇನುಗೂಡಿಗೆ ಇನ್ನೂ ಕಾರಣಗಳಿವೆ. ಕೆಳಗಡೆ ಅಂಡರ್‌ಸೀಲ್ (ತುಕ್ಕು ತಡೆಯುವ ದಪ್ಪ ಲೇಪ) ಉಳಿದಿದ್ದರೆ ಅದರ ಹೊಗೆ ಕರಗಿದ ಲೋಹದೊಳಗೆ ನುಗ್ಗುತ್ತದೆ. ಕೆಳಗೂ ಮೇಲೂ ಅಂಚಿನಿಂದ 50 ಮಿ.ಮೀ. ಹೀಟ್ ಗನ್, ಸ್ಕ್ರೇಪರ್ ಹಿಡಿದು ತೆಗೆಯಿರಿ. ಫ್ಯಾನ್ ಹಾಕಿದ್ದರೆ ಗ್ಯಾಸ್ ಹಾರಿಹೋಗುತ್ತದೆ. ನಾಝಲ್ ಒಳಗೆ ಸಿಡಿದ ಲೋಹ ಕಟ್ಟಿಕೊಂಡಿದ್ದರೂ ಹೀಗೇ. ಅರ್ಥ್ ಕ್ಲಾಂಪ್ ದೂರದ ಬೋಲ್ಟ್‌ಗೆ ಹಾಕಬೇಡಿ, ವೆಲ್ಡ್ ಪಕ್ಕದಲ್ಲೇ ಬರೀ ಲೋಹಕ್ಕೆ ಹಾಕಿ.

ಸಂದಿ ದೊಡ್ಡದಾದರೆ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ, ವೆಲ್ಡ್ ಅದಕ್ಕೆ ಅಂಟುವುದಿಲ್ಲ, ಶಾಖ ಮಾತ್ರ ಎಳೆದುಕೊಳ್ಳುತ್ತದೆ. ತಾಮ್ರದ ಪೈಪ್ ಚಪ್ಪಟೆ ಬಡಿದರೂ ಸಾಕು. ಆರ್ಕ್ ಅನ್ನು (ವೆಲ್ಡ್ ಕಿಡಿಯನ್ನು) ಹೊಸ ದಪ್ಪ ತಗಡಿನ ಮೇಲೆ ಶುರು ಮಾಡಿ ಹಳೇ ಅಂಚಿಗೆ ಸರಿಸಿ.

ಒಂದು ಎಚ್ಚರಿಕೆ, ಇದಕ್ಕೆ ರಿಯಾಯಿತಿ ಇಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ ಜಾಗಕ್ಕೆ ಆರ್ಕ್ ತಗುಲಿದರೆ ಫಾಸ್‌ಜೀನ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಒರೆಸಲು ಅಸಿಟೋನ್ ಬಳಸಿ, ಪೂರ್ತಿ ಆರಲು ಬಿಡಿ. ಸತು ಲೇಪನದ ತಗಡಾದರೆ ವೆಲ್ಡ್ ಜಾಗದ ಸತು ಕೆರೆದುಹಾಕಿ, ಆ ಬಿಳಿ ಹೊಗೆ ಉಸಿರಾಡಿದರೆ ರಾತ್ರಿ ಚಳಿಜ್ವರ.

ಸಂದುಗೊಂದು:

ಸಿಲ್ ಬಗ್ಗೆ ಯಾರೂ ನೇರವಾಗಿ ಉತ್ತರಿಸಿಲ್ಲ. ನನ್ನ ಅಭಿಪ್ರಾಯ: ಹೊರಗಿನ ಸಿಲ್ ಮಾತ್ರ ಹೋಗಿದ್ದರೆ ನೀವು ಮಾಡಬಹುದು. ಒಳ ಸಿಲ್ ಕೂಡ ಹೋಗಿದ್ದರೆ, ಅಥವಾ ತುಕ್ಕು ಹಿಂದಿನ ಆಕ್ಸಲ್ ಬೀಮ್ ಕೂರುವ ಜಾಗಕ್ಕೆ ಮುಟ್ಟಿದ್ದರೆ, ತಗಡು ಕತ್ತರಿಸಿ ಹೊಂದಿಸುವ ಕೆಲಸ ನೀವು ಮಾಡಿ, ಕೊನೆಯ ವೆಲ್ಡ್ ಕೈ ಪಳಗಿದವರಿಗೆ ಬಿಡಿ. ಮುಂದಿನ ಮಡ್‌ಗಾರ್ಡ್‌ಗಳು ಬೋಲ್ಟ್‌ನವು, ಬಿಚ್ಚಿ. ಸಿಲ್‌ನ ಮುಂದಿನ ತುದಿ ಆಗ ಮಾತ್ರ ಕಾಣುತ್ತದೆ.

ಕತ್ತರಿಸುವ ಮುಂಚೆ ಗಾಡಿಯ ಭಾರ ಸಸ್ಪೆನ್ಷನ್ ಮೇಲೇ ಇರುವಂತೆ ಸ್ಟ್ಯಾಂಡ್ ಕೊಡಿ. ಮೂರು ಬಾಗಿಲಿನ ಗಾಡಿಯ ಬಾಗಿಲ ಬಾಯಿ ಉದ್ದ, ಸಿಲ್ ಇಲ್ಲದಿದ್ದರೆ ಅದು ಕುಸಿಯುತ್ತದೆ. 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಟ್ಯೂಬ್ ಅನ್ನು ಬಾಗಿಲ ಹಿಂಜ್ ತೂತಿನಿಂದ ಸೀಟ್‌ಬೆಲ್ಟ್ ಬೋಲ್ಟ್ ಜಾಗಕ್ಕೆ ಕಟ್ಟಿ, ಇನ್ನೊಂದು ಕರ್ಣಕ್ಕೆ. ಎರಡೂ ಕರ್ಣ ಅಳೆದು ತಗಡಿನ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ, ಚೀಟಿ ಕಳೆದುಹೋಗುತ್ತದೆ. ಒಮ್ಮೆಗೆ ಒಂದೇ ಕಡೆ. ಎಡಗಡೆ ಪೂರ್ತಿ ಮುಗಿಯದೆ ಬಲಗಡೆ ಮುಟ್ಟಬೇಡಿ.

ಫ್ಯಾಕ್ಟರಿ ಸ್ಪಾಟ್ ವೆಲ್ಡ್‌ಗಳನ್ನು 8 ಮಿ.ಮೀ. ಸ್ಪಾಟ್ ಕಟರ್‌ನಲ್ಲಿ ಮೇಲಿನ ಪದರಕ್ಕೆ ಮಾತ್ರ ಕೊರೆಯಿರಿ. ಒಳಗೆ ಸಿಕ್ಕ ತುಕ್ಕನ್ನು ಒಳಗಿನಿಂದ ಹೊರಗೆ ರಿಪೇರಿ ಮಾಡುತ್ತಾ ಬನ್ನಿ. ಹೊಸ ಸಿಲ್‌ನ ಅಂಚಿಗೆ 30ರಿಂದ 40 ಮಿ.ಮೀ.ಗೊಂದು 6 ಮಿ.ಮೀ. ತೂತು ಪಂಚ್ ಮಾಡಿ. ಈ ತೂತು ತುಂಬಿಸಿ ಹಿಂದಿನ ತಗಡಿಗೆ ಹಿಡಿಸುವುದೇ ಪ್ಲಗ್ ವೆಲ್ಡ್. ಅಂಟುವ ಮೈಗಳಿಗೆ ವೆಲ್ಡ್-ಥ್ರೂ ಜಿಂಕ್ ಪ್ರೈಮರ್ ಹಚ್ಚಿ, ತೂತಿನೊಳಗೆ ಕಾಣುವುದನ್ನು ಮಾತ್ರ ಕೆರೆದು ತೆಗೆಯಿರಿ. ಕ್ಲಾಂಪ್ ಬಿಗಿ ಹಿಡಿಯಿರಿ, ಎರಡು ತಗಡಿನ ನಡುವೆ ಬೆಳಕು ಕಂಡರೆ ಪ್ಲಗ್ ವೆಲ್ಡ್ ಹಿಡಿಯುವುದಿಲ್ಲ. ತೂತಿನ ನಡುವೆ, ಹಿಂದಿನ ತಗಡಿನ ಮೇಲೆ ಆರ್ಕ್ ಶುರು ಮಾಡಿ ಸುತ್ತುತ್ತಾ ಅಂಚಿಗೆ ಬನ್ನಿ.

ನಾಲ್ಕೈದು ಟ್ಯಾಕ್ ಆದ ಕೂಡಲೇ ನಿಲ್ಲಿಸಿ ಬಾಗಿಲು ಹಾಕಿ ನೋಡಿ. ಟ್ಯೂಬ್ ಹಿಂಜ್‌ಗೆ ಅಡ್ಡ ಬಂದರೆ ತಾತ್ಕಾಲಿಕವಾಗಿ ಬಿಚ್ಚಿ ಬಾಗಿಲು ಕೂರಿಸಿ. ಸುತ್ತಲಿನ ಸಂದಿ ಸಮ ಇದ್ದರೆ ಮಾತ್ರ ಮುಂದುವರಿಯಿರಿ. ಈ ಹಂತದಲ್ಲಿ ಗ್ರೈಂಡರ್ ಐದು ನಿಮಿಷದಲ್ಲಿ ತಪ್ಪು ಬಿಡಿಸುತ್ತದೆ. ಪೂರ್ತಿ ವೆಲ್ಡ್ ಆದ ಮೇಲೆ ಬಾಗಿಲು ಹಾಕಲಾಗದಿದ್ದರೆ ಸಿಲ್ ಮತ್ತೆ ಕತ್ತರಿಸಬೇಕು. ವಾಹನ ತಪಾಸಣೆಗೆ ಹೋಗುವ ಗಾಡಿಯಾದರೆ, ರಿಪೇರಿಗೆ ಪ್ಲಗ್ ವೆಲ್ಡ್ ಒಪ್ಪುತ್ತಾರೋ ಪೂರ್ತಿ ಸೀಮ್ (ಉದ್ದಕ್ಕೂ ಬಿಡದೆ ವೆಲ್ಡ್) ಕೇಳುತ್ತಾರೋ ಅಂತ ಮೊದಲೇ ವಿಚಾರಿಸಿ.

ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿ. ಕಾರ್ಪೆಟ್, ಸೀಟು ಹೊರಗೆ. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇರಿ. ಸಿಲ್ ಒಳಗಿನ ಹಳೇ ವ್ಯಾಕ್ಸ್ ಕಾಣದಂತೆ ಹೊಗೆಯಾಡುತ್ತಿದ್ದು ಆಮೇಲೆ ಹತ್ತಿಕೊಳ್ಳುತ್ತದೆ. ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್ ಎರಡೂ ಕೈಗೆಟುಕಲಿ.

ಮೂರನೇ_ಗೇರ್:

ಮುಗಿಸುವ ಕೆಲಸದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ವೆಲ್ಡ್ ತೇಯುವಾಗ ಫ್ಲಾಪ್ ಡಿಸ್ಕ್ ಒಂದೇ ಕಡೆ ಒತ್ತಿ ಹಿಡಿದರೆ ತಗಡು ನೀಲಿಯಾಗುತ್ತದೆ. ಅದು ವಿಪರೀತ ಬಿಸಿಯಾದ ಗುರುತು, ತಗಡು ಸೊಟ್ಟಗಾಗಬಹುದು. ತೇದ ಮೇಲೆ ಶೆಡ್‌ನ ದೀಪ ಆರಿಸಿ, ಹಿಂದಿನಿಂದ ಟಾರ್ಚ್ ಹಾಕಿ. ನಕ್ಷತ್ರ ಕಂಡರೆ ಪ್ರತಿಯೊಂದಕ್ಕೂ ಇನ್ನೊಂದು ಟ್ಯಾಕ್. ಪುಟ್ಟಿ ಮೆತ್ತಿ ಮುಚ್ಚಬೇಡಿ, ಪುಟ್ಟಿ ನೀರು ಹೀರುತ್ತದೆ.

ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸೀಮ್ ಸೀಲರ್, ಕೆಳಮೈಗೆ ಸ್ಟೋನ್‌ಚಿಪ್ ಕೋಟ್, ಪೇಂಟ್. ಎಲ್ಲಾ ಆದ ಮೇಲೆ, ಕೊನೆಗೇ, ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸ್. ಮೊದಲೇ ಹಾಕಿದರೆ ವೆಲ್ಡ್ ಶಾಖಕ್ಕೆ ಸುಡುತ್ತದೆ, ಪೇಂಟ್ ಕೂಡ ಹಿಡಿಯುವುದಿಲ್ಲ. ಸುತ್ತಲೂ ಸಿಡಿಸುವ ನಾಝಲ್‌ನ ಉದ್ದ ಪೈಪನ್ನು ತುದಿಯವರೆಗೆ ತೂರಿಸಿ, ಸಿಂಪಡಿಸುತ್ತಾ ನಿಧಾನಕ್ಕೆ ಹಿಂದೆ ಎಳೆಯಿರಿ. ಕೆಳಗಿನ ಡ್ರೈನ್ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಅಲ್ಲಿಗೆ ತಲುಪಿಲ್ಲ, ಇಲ್ಲವೇ ಸೀಲರ್ ಹಾಕುವಾಗ ತೂತು ಮುಚ್ಚಿಬಿಟ್ಟಿದ್ದೀರಿ. ಗಟ್ಟಿಯಾಗುವ ಮುಂಚೆ ಕಡ್ಡಿ ಹಾಕಿ ಬಿಡಿಸಿ.