ಅಪ್‌ಡೇಟ್: ಹೈದರಾಬಾದ್‌ನಿಂದ ದುಬೈಗೆ ಎಷ್ಟು ಹೊತ್ತು?

ಬೀದರ್‌ನಿಂದ ಅಮ್ಮನನ್ನು ದುಬೈಗೆ ಅಣ್ಣನ ಮನೆಗೆ ಕಳಿಸಬೇಕು, ಹೈದರಾಬಾದ್‌ನಿಂದ ವಿಮಾನಕ್ಕೆ ಎಷ್ಟು ಹೊತ್ತು ಅಂತ ಕೇಳಿದ್ದೆ. ಅಮ್ಮ ಹೋಗಿ ಆರಾಮಾಗಿ ವಾಪಸ್ ಬಂದರು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೇರ ದೂರ ಸುಮಾರು 2,550 ಕಿ.ಮೀ. ಹೋಗುವಾಗ ಹೆಚ್ಚುಕಡಿಮೆ 4 ಗಂಟೆ, ಬರುವಾಗ ಮೂರೂವರೆ. ಪಶ್ಚಿಮದ ಮೇಲ್ಗಾಳಿ ಹೋಗುವಾಗ ಎದುರು ಬೀಸುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಚಳಿಗಾಲದಲ್ಲಿ ಇದು ಜಾಸ್ತಿ. ಟಿಕೆಟ್ ನೋಡಿದರೆ ಮಾತ್ರ ಹೋಗಲು ಎರಡೂವರೆ, ಬರಲು ಐದು ಗಂಟೆ ಅನ್ನಿಸುತ್ತದೆ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಅದಕ್ಕೇ.

ಬೀದರ್‌ನಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಶಂಷಾಬಾದ್‌ನ ಹೈದರಾಬಾದ್ ವಿಮಾನ ನಿಲ್ದಾಣ ಮುಟ್ಟಲು ಕಾರಿನಲ್ಲೇ ಸುಮಾರು ಮೂರು ತಾಸು. ವಿಮಾನ ಹೊರಡುವ ಮೂರು ತಾಸು ಮೊದಲೇ ಅಲ್ಲಿರಬೇಕು. ಹಾರಾಟಕ್ಕಿಂತ ಇದೇ ಜಾಸ್ತಿ ಅಲ್ವಾ? ಹಿರಿಯರಿದ್ದರೆ ಬಿಪಿ ಮಾತ್ರೆ ಕೈಚೀಲದಲ್ಲೇ ಇಡಿ.