ತೋಟದ ದಾರಿಗೆ ಯಾವ ಎಂಟಿಬಿ (ಮೌಂಟೇನ್ ಬೈಕ್) ಒಳ್ಳೆಯದು? ನಿಮ್ಮ ಅನುಭವ ಹೇಳಿ

ಸಕಲೇಶಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಮನೆ ಪೇಟೆಯಿಂದ 9 ಕಿ.ಮೀ. ಒಳಗಿದೆ. ಕೊನೆಯ 3 ಕಿ.ಮೀ. ಪೂರ್ತಿ ಕಾಫಿ ತೋಟದ ಮಣ್ಣಿನ ದಾರಿ. ನಾಲ್ಕು ವರ್ಷದಿಂದ ತಮ್ಮನ ಹಳೇ 21 ಗೇರ್ ಸೈಕಲ್ಲಿನಲ್ಲೇ ಓಡಾಡುತ್ತಿದ್ದೇನೆ. ಭಾನುವಾರ ಹೊತ್ತು ಸಿಕ್ಕರೆ ತೋಟಗಳ ನಡುವೆ ಸುತ್ತುವುದು ನನಗೆ ತುಂಬಾ ಇಷ್ಟ. ಕಳೆದ ತಿಂಗಳು ಹಿಂದಿನ ಚಕ್ರದ ಆಕ್ಸಲ್ (ನಡುವಿನ ಅಚ್ಚು) ಎರಡನೇ ಸಲ ಮುರಿಯಿತು. ಇನ್ನು ಅದಕ್ಕೆ ದುಡ್ಡು ಹಾಕುವುದು ಬೇಡ, ಹೊಸ ಎಂಟಿಬಿ ತೆಗೆದುಕೊಳ್ಳೋಣ ಅಂತಿದ್ದೇನೆ.

45 ಸಾವಿರದ ತನಕ ಹಾಕಬಲ್ಲೆ. ನನ್ನ ಎತ್ತರ 5 ಅಡಿ 2 ಇಂಚು, ತೂಕ 54 ಕೆ.ಜಿ. ಒಂದು ಅಂಗಡಿಯವರು ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವುದನ್ನೇ ತಗೊಳ್ಳಿ ಅಂದರು. ಇನ್ನೊಬ್ಬರು 29 ಇಂಚಿನ ಚಕ್ರ ಬಿಟ್ಟು ಬೇರೆ ನೋಡಲೇಬೇಡಿ ಅಂದರು. ಯಾರ ಮಾತು ಕೇಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮ ಹತ್ತಿರ ಯಾವುದಿದೆ, ಎಂಥ ಜಾಗದಲ್ಲಿ ಓಡಿಸುತ್ತೀರಿ, ಯಾಕೆ ಅದೇ ಹಿಡಿಸಿತು, ಸ್ವಲ್ಪ ಹೇಳಿ.

ಚಿಕ್ಕಮಗಳೂರಿನಿಂದ

ಮೇಡಂ, ನಿಮ್ಮದೂ ನಮ್ಮದೂ ಒಂದೇ ಮಣ್ಣು, ಒಂದೇ ಮಳೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಈ ಬೆಲೆಗೆ ಹಾರ್ಡ್‌ಟೇಲ್ ತೆಗೆದುಕೊಳ್ಳಿ. ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು. 45 ಸಾವಿರಕ್ಕೆ ಹೊಸದಾಗಿ ಸಿಗುವ ಎರಡೂ ಕಡೆ ಸಸ್ಪೆನ್ಷನ್‌ನ ಸೈಕಲ್ಲಿನಲ್ಲಿ ಹಿಂದಿನದು ಬರೀ ಒಂದು ಸ್ಪ್ರಿಂಗು. ಏರಿನಲ್ಲಿ ನೀವು ತುಳಿದ ಬಲವನ್ನು ಅದೇ ನುಂಗಿಬಿಡುತ್ತದೆ. ಕೀಲುಗಳಿಗೆ ಕೆಸರು ನುಗ್ಗಿದರೆ ಒಂದೇ ಮಳೆಗಾಲಕ್ಕೆ ಕಿರುಗುಟ್ಟಲು ಶುರುವಾಗುತ್ತದೆ.

ನನ್ನದು 29 ಇಂಚಿನ ಹಾರ್ಡ್‌ಟೇಲ್, ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕ್, 100 ಮಿ.ಮೀ. ತನಕ ಕುಗ್ಗುತ್ತದೆ. ಆರು ವರ್ಷವಾಯಿತು. ಅದರಲ್ಲಿ ನಾನು ಮೊದಲು ಬದಲಾಯಿಸಿದ್ದು ಟಯರ್. ಕಂಪನಿಯಿಂದ ಬಂದ ಟಯರಿನ ಗುಬ್ಬಿಗಳು (ಮೇಲಿನ ರಬ್ಬರ್ ಉಬ್ಬುಗಳು) ಚಿಕ್ಕವು, ಒತ್ತೊತ್ತಾಗಿದ್ದವು. ಜೂನ್ ಕಳೆಯುತ್ತಿದ್ದಂತೆ ಕೆಮ್ಮಣ್ಣು ಅದರೊಳಗೆ ತುಂಬಿಕೊಂಡು ಟಯರ್ ನುಣ್ಣಗಾಗುತ್ತಿತ್ತು. ಈಗ ಗುಬ್ಬಿಗಳು ದೂರ ದೂರ ಇರುವ 2.25 ಇಂಚಿನದು ಹಾಕಿದ್ದೇನೆ. ಚಕ್ರ ತಿರುಗಿದ ಹಾಗೇ ಕೆಸರು ಸಿಡಿದು ಹೋಗುತ್ತದೆ. ಆದರೂ ಒದ್ದೆಯಾದ ಸಿಲ್ವರ್ ಓಕ್ ಬೇರಿನ ಮೇಲೆ ಯಾವ ಟಯರೂ ನಿಲ್ಲುವುದಿಲ್ಲ. ಬೇರನ್ನು ಅಡ್ಡಕ್ಕೆ ನೇರವಾಗಿ ದಾಟಬೇಕು. ಆ ಒಂದು ಗಳಿಗೆ ಬ್ರೇಕೂ ಹಿಡಿಯಬಾರದು, ಹ್ಯಾಂಡಲ್ಲೂ ತಿರುಗಿಸಬಾರದು.

ಬ್ರೇಕ್ ಪ್ಯಾಡ್ ವಿಷಯ ಮರೆಯಬೇಡಿ. ಒಂದು ಜುಲೈನಲ್ಲಿ ಮುಳ್ಳಯ್ಯನಗಿರಿಯಿಂದ ಕೈಮರದ ಕಡೆ ಇಳಿಯುತ್ತಿದ್ದೆ. ಸುರಿಯುವ ಮಳೆ, ರಸ್ತೆ ತುಂಬಾ ಮರಳು ಮರಳಾಗಿ ನೀರು ಹರಿಯುತ್ತಿತ್ತು. ಅರ್ಧ ದಾರಿಗೆ ಕರ್ರ್ ಅಂತ ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದರೆ ಹಿಂದಿನ ಪ್ಯಾಡ್ ಪೂರ್ತಿ ಸವೆದು ತಗಡು ಡಿಸ್ಕಿಗೆ ತಾಗುತ್ತಿದೆ. ಹೊರಡುವಾಗ ಅದು ಅರ್ಧದಷ್ಟಾದರೂ ಇತ್ತು. ಅದು ರೆಸಿನ್ ಪ್ಯಾಡ್, ಅಂದರೆ ರಾಳ ಬೆರೆಸಿ ಮಾಡಿದ ಮೆತ್ತನೆಯದು. ಕೆಸರು ಮಳೆಯಲ್ಲಿ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಜಾಸ್ತಿ ದಿನ ಬಾಳುತ್ತದೆ. ಆದರೆ ಅಗ್ಗದ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಹಾಕಿ ಅಂತ ಸಣ್ಣಗೆ ಕೊರೆದಿರುತ್ತಾರೆ. ಕೊಳ್ಳುವಾಗಲೇ ಬಗ್ಗಿ ಓದಿ ನೋಡಿ. ಹಾಗೆ ಬರೆದಿದ್ದರೆ ಮಳೆಗಾಲದಲ್ಲಿ ಒಂದು ಜೊತೆ ಪ್ಯಾಡ್ ಬ್ಯಾಗಿನಲ್ಲಿ ಇರಲೇಬೇಕು.

ಬೆಂಗಳೂರಿನಿಂದ

ನಾನು ಎರಡೂ ಕಡೆ ಸಸ್ಪೆನ್ಷನ್ ಇರುವುದನ್ನೇ ಓಡಿಸುವವನು. 120 ಮಿ.ಮೀ. ಕುಗ್ಗುವಂಥದ್ದು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡದ್ದು. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ನನ್ನ ಇಷ್ಟ ಬಂಡೆ ಮತ್ತು ಇಳಿಜಾರು. ಗಟ್ಟಿ ಬಂಡೆಯ ಮೆಟ್ಟಿಲಿನಂಥ ಜಾಗದಲ್ಲಿ ಹಾರ್ಡ್‌ಟೇಲ್‌ನ ಹಿಂದಿನ ಚಕ್ರ ಎಗರಿ ಎಗರಿ ಬೀಳುತ್ತದೆ. ಇದು ನೆಲ ಬಿಡುವುದಿಲ್ಲ. ಸಂಜೆ ಮನೆಗೆ ಬಂದಾಗ ಸೊಂಟ ಹಿಡಿದುಕೊಂಡಿರುವುದಿಲ್ಲ. ನನಗೀಗ 47, ಆ ವ್ಯತ್ಯಾಸ ಸಣ್ಣದಲ್ಲ.

ಆದರೆ ಚಿಕ್ಕಮಗಳೂರಿನವರು ಹೇಳಿದ್ದು ಸರಿ. ನಿಮ್ಮ ದಾರಿ ಬೇರೆ, ಬೆಲೆಯೂ ಬೇರೆ. ನೀವು ದಿನಾ 18 ಕಿ.ಮೀ. ತುಳಿಯಬೇಕು. ಅದರಲ್ಲಿ 12 ಕಿ.ಮೀ. ಡಾಂಬರು.

ದುಡ್ಡನ್ನು ಬ್ರೇಕಿಗೆ ಹಾಕಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ತಂತಿಯ ಬದಲು ದ್ರವದ ಒತ್ತಡದಲ್ಲಿ ಹಿಡಿಯುವುದು) ಇರುವುದನ್ನೇ ನೋಡಿ. ಒಂದೇ ಬೆರಳಲ್ಲಿ ಹಿಡಿಯಬಹುದು, ಕೈ ಸೋಲುವುದಿಲ್ಲ. ಈ ಆಟ ಹುಟ್ಟಿದ ಕಾಲದಲ್ಲಿ ಬ್ರೇಕೇ ದೊಡ್ಡ ತಲೆನೋವಾಗಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುವ ಪಂದ್ಯ ಶುರು ಮಾಡಿದರು. ಆಗಿನ ಬ್ರೇಕ್ ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್‌ನ ಒಳಗೇ ಇರುತ್ತಿತ್ತು, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುತ್ತಿತ್ತು. ಒಂದು ಸಲ ಇಳಿದರೆ ಸಾಕು, ಬಿಸಿಗೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹಬ್ ಬಿಚ್ಚಿ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬು ಅಂತಲೇ ಹೆಸರು ಬಿತ್ತು. 20 ವರ್ಷ ಕಳೆಯುವಷ್ಟರಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟೇನ್ ಬೈಕ್ ಸೇರಿಕೊಂಡಿತ್ತು. ಇದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನೊಂದು ಮಾತು. ತೋಟದೊಳಗೆ ಹೋಗುವ ಮುಂಚೆ ಮಾಲೀಕರನ್ನು ಕೇಳಿ. ಮೀಸಲು ಅರಣ್ಯ, ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಲೇಬೇಡಿ. ಇಲ್ಲಿ ತುರಹಳ್ಳಿ ಕಾಡಿನಲ್ಲೂ ಹಾಗೇ. ನಾಲ್ಕು ಜನ ಕೇಳದೆ ಹೋದರೆ ಉಳಿದ ನಲವತ್ತು ಜನಕ್ಕೂ ಬಾಗಿಲು ಮುಚ್ಚುತ್ತದೆ.

ಗದಗದಿಂದ

ನಮ್ಮ ಕಡೆ ಕಥೆಯೇ ಬೇರೆ. ನನ್ನದು 26 ಇಂಚಿನ ಸ್ಟೀಲ್ ಫ್ರೇಮ್. ಮುಂದಿನ ಸ್ಪ್ರಿಂಗ್ ಫೋರ್ಕ್ ತೆಗೆಸಿ ಸಾದಾ ಫೋರ್ಕ್ ಹಾಕಿಸಿದ್ದೇನೆ. ಒಂದೂವರೆ ಕೆ.ಜಿ. ಕಡಿಮೆಯಾಯಿತು. ಸೈಕಲ್ ಮುಂಚಿಗಿಂತ ಚುರುಕಾಗಿದೆ. ಎಷ್ಟೋ ಜನ ಬೇಡ ಅಂದರು. ನನಗಂತೂ ಇದೇ ಹಿಡಿಸಿದೆ.

ಇಲ್ಲಿನ ದೊಡ್ಡ ಕಾಟ ಮುಳ್ಳು. ನೆಲದಲ್ಲಿ ನೆಗ್ಗಿಲು ಮುಳ್ಳು, ಬದುವಿನಲ್ಲಿ ಬಳ್ಳಾರಿ ಜಾಲಿ. ಒಂದೇ ದಿನ ಐದು ಪಂಕ್ಚರ್ ಹಾಕಿಕೊಂಡದ್ದಿದೆ. ಆಮೇಲೆ ಟ್ಯೂಬ್‌ಲೆಸ್ ಮಾಡಿಸಿದೆ, ಅಂದರೆ ಟ್ಯೂಬ್ ತೆಗೆಸಿ ಟಯರಿನೊಳಗೆ ತೂತು ಮುಚ್ಚುವ ದ್ರವ ಹಾಕಿಸಿದೆ. ಈಗ ಮುಳ್ಳು ಕಿತ್ತರೆ ಆ ಬಿಳಿ ದ್ರವ ಎರಡು ಹನಿ ಬಂದು ತೂತು ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಆ ದ್ರವ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು.

ಇನ್ನು ಎರೆ ಮಣ್ಣು. ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಇಳಿದರೆ 200 ಮೀಟರ್ ಹೋಗುವುದರೊಳಗೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಟಯರಿಗೂ ಫ್ರೇಮಿಗೂ ನಡುವೆ ಮಣ್ಣು ಗಾರೆ ಹಾಕಿದಂತೆ ಗಟ್ಟಿಯಾಗಿ ಕೂರುತ್ತದೆ. ಕಡ್ಡಿಯಿಂದ ಕೆರೆಯಬೇಕು, ಇಲ್ಲ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ನಿಮಗೆ ಕೆಮ್ಮಣ್ಣು, ಇಷ್ಟು ಕಷ್ಟವಿಲ್ಲ. ಆದರೂ ಟಯರ್ ಪಕ್ಕ ಬೆರಳು ತೂರುವಷ್ಟು ಜಾಗ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.

ನಮ್ಮೂರಿನ ಹತ್ತಿರ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದಿತ್ತು. ಅಲ್ಲಿ ಬಂದಿದ್ದ ಹೆಣ್ಣುಮಕ್ಕಳು ಸಡಿಲ ಕಲ್ಲಿನ ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡೂ ಪೆಡಲ್ ಸಮ ಮಾಡಿಕೊಂಡು, ಸೊಂಟ ಹಿಂದಕ್ಕೆ ತಂದು ಇಳಿಯುವುದನ್ನು ನೋಡಿದರೆ ಅದೇ ಒಂದು ಪಾಠ. ಸೈಕಲ್ ಕೆಳಗೆ ಕುಣಿಯುತ್ತಿರುತ್ತದೆ, ತಲೆ ಮಾತ್ರ ಅಲುಗುವುದಿಲ್ಲ. ಮೊಣಕಾಲು, ಮೊಣಕೈಗಿಂತ ಒಳ್ಳೆಯ ಸಸ್ಪೆನ್ಷನ್ ನಾನು ನೋಡಿಲ್ಲ ಅಕ್ಕ.

ಮಡಿಕೇರಿಯಿಂದ

ಇಲ್ಲಿ ಯಾರೂ ನಿಮ್ಮ ಎತ್ತರ, ತೂಕದ ಬಗ್ಗೆ ಹೇಳಲಿಲ್ಲ. ನಾನು 5 ಅಡಿ 1 ಇಂಚು, 52 ಕೆ.ಜಿ. ಆದ್ದರಿಂದ ಇದು ನಾನು ಪಟ್ಟ ಪಾಡು.

ಮೊದಲ ಎಂಟಿಬಿ ಕೊಳ್ಳುವಾಗ ನನಗೂ 29 ಇಂಚು ಅಂತ ಹೇಳಿ ಎಂ ಸೈಜ್ ಕೊಟ್ಟರು. ದೊಡ್ಡ ಚಕ್ರ ಕಲ್ಲು, ಗುಂಡಿಗಳ ಮೇಲೆ ಸಲೀಸಾಗಿ ಹತ್ತಿ ಇಳಿಯುತ್ತದೆ, ಅದು ನಿಜ. ಆದರೆ ತೋಟದ ಇಕ್ಕಟ್ಟು ತಿರುವಿನಲ್ಲಿ ಅದನ್ನು ತಿರುಗಿಸಲು ಹೆಣಗುತ್ತಿದ್ದೆ. ಗಕ್ಕನೆ ನಿಲ್ಲಿಸಿದರೆ ಕಾಲು ನೆಲಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಎರಡು ವರ್ಷ ಆದ ಮೇಲೆ ಅದನ್ನು ಮಾರಿ ಎಸ್ ಸೈಜಿನ 27.5 ತೆಗೆದುಕೊಂಡೆ. ಮೊದಲ ದಿನವೇ ಗೊತ್ತಾಯಿತು, ಇಷ್ಟು ದಿನ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದಿದ್ದೆ ಅಂತ. ಟ್ರೆಕ್‌ನ ಮಾರ್ಲಿನ್‌ನಂಥ ಮಾಡೆಲ್‌ಗಳಲ್ಲಿ ಕಂಪನಿಯವರೇ ಚಿಕ್ಕ ಸೈಜಿಗೆ 27.5 ಚಕ್ರ ಕೊಡುತ್ತಾರೆ. ಸುಮ್ನೆ ಕೊಡುತ್ತಾರಾ? ಸೈಕಲ್ ಮೇಲಿನ ಕಂಬಿಯ ಎರಡೂ ಬದಿ ಕಾಲಿಟ್ಟು ನಿಂತು ನೋಡಿ. ಕಂಬಿಗೂ ನಿಮಗೂ ನಡುವೆ ಎರಡು ಇಂಚಾದರೂ ಬಿಡುವಿರಬೇಕು.

ಎರಡನೆಯದು ಫೋರ್ಕ್. ಈ ಬೆಲೆಯ ಬಹುಪಾಲು ಸೈಕಲ್ಲುಗಳಲ್ಲಿ ಇರುವುದು ಸ್ಪ್ರಿಂಗ್ ಫೋರ್ಕ್. ನಮ್ಮಂಥ ಹಗುರ ಜನಕ್ಕೆ ಆ ಸ್ಪ್ರಿಂಗ್ ತುಂಬಾ ಬಿಗಿ. ಪರೀಕ್ಷೆ ಮಾಡುವುದು ಸುಲಭ. ಫೋರ್ಕಿನ ಹೊಳೆಯುವ ಕಂಬಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕೆಳಗೆ ತಳ್ಳಿಡಿ. ಹಳ್ಳ ದಿಣ್ಣೆಯ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬ್ಯಾಂಡ್ ಎಷ್ಟು ಮೇಲೆ ಸರಿದಿದೆಯೋ ಫೋರ್ಕ್ ಅಷ್ಟೇ ಕೆಲಸ ಮಾಡಿದೆ. ನನ್ನ ಹಳೆಯದರಲ್ಲಿ 100 ಮಿ.ಮೀ.ಗೆ 35 ಕೂಡ ದಾಟಲಿಲ್ಲ. ಅಂದರೆ ಉಳಿದ 65 ಮಿ.ಮೀ.ಗೆ ನಾನು ಸುಮ್ಮನೆ ದುಡ್ಡು ಕೊಟ್ಟು, ಭಾರ ಹೊತ್ತು ಏರು ಹತ್ತುತ್ತಿದ್ದೆ. ಏರ್ ಫೋರ್ಕ್ ಆದರೆ ನಮ್ಮ ತೂಕಕ್ಕೆ ತಕ್ಕಂತೆ ಗಾಳಿ ಹೊಂದಿಸಬಹುದು. ಏರ್ ಫೋರ್ಕ್ ನಿಮ್ಮ ಬಜೆಟ್ಟಿಗೆ ಸಿಗದಿದ್ದರೆ ಬೇಸರ ಬೇಡ. ಟಯರಿನ ಗಾಳಿ ಇಳಿಸಿ. ಅಂಗಡಿಯವರು 45, 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದು ಕಳಿಸುತ್ತಾರೆ. ನಾನು ಟ್ಯೂಬ್ ಇಟ್ಟುಕೊಂಡೇ ಮುಂದೆ 24, ಹಿಂದೆ 27 ಇಡುತ್ತೇನೆ. ಕೈಗೆ ಬರುವ ಅದುರು ಅರ್ಧಕ್ಕರ್ಧ ಹೋಗುತ್ತದೆ. ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದು ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ, ಜೋಪಾನ.

ಕೊಯ್ಲಿನ ಸಮಯದಲ್ಲಿ ತೋಟದ ದಾರಿಯಲ್ಲಿ ಜನ ಮೂಟೆ ಹೊತ್ತು ಬರುತ್ತಿರುತ್ತಾರೆ. ಸೈಕಲ್ಲಿಗೆ ಒಂದು ಬೆಲ್ ಹಾಕಿಸಿಕೊಳ್ಳಿ. ಆನೆ ಓಡಾಡುವ ಜಾಗ ನಿಮ್ಮದು ಕೂಡ, ಅಲ್ವಾ? ಬೆಳಕಿರುವಾಗಲೇ ಮನೆ ಸೇರಿ.

ಸಕಲೇಶಪುರದಿಂದ

ರಬ್ಬರ್ ಬ್ಯಾಂಡ್ ಉಪಾಯ ಈಗಲೇ ಹಳೇ ಸೈಕಲ್ಲಿಗೆ ಮಾಡಿ ನೋಡಿದೆ ಅಕ್ಕ. ಅಂಗಳದ ಮೂರು ಮೆಟ್ಟಿಲು ಇಳಿಸಿದರೂ ಎರಡು ಬೆರಳಷ್ಟೂ ಸರಿಯಲಿಲ್ಲ. ಕೈ ಯಾಕೆ ನೋಯುತ್ತಿತ್ತು ಅಂತ ಇವತ್ತು ಗೊತ್ತಾಯಿತು. ಆಕ್ಸಲ್ ಯಾಕೆ ಮುರಿಯುತ್ತದೆ ಅಂತ ಯಾರಾದರೂ ಹೇಳುತ್ತೀರಾ? ನನ್ನ ತೂಕ ನೋಡಿದರೆ ಮುರಿಯಬಾರದು. ಗೇರ್ ಎಷ್ಟಿರಬೇಕು ಅಂತಲೂ ಹೇಳಿ. ಮನೆ ಹತ್ತಿರ ಒಂದು ಏರಿದೆ. ಅಲ್ಲಿ ದಿನಾ ಇಳಿದು ತಳ್ಳುತ್ತೇನೆ.

ಹಾಸನದಿಂದ

ನಾನು ಸೈಕಲ್ ರಿಪೇರಿ ಮಾಡುವವನು. ನಿಮ್ಮ ತೂಕದ್ದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. 21 ಗೇರ್ ಸೈಕಲ್ಲಿನ ಹಿಂದೆ ಸಾಮಾನ್ಯವಾಗಿ ಇರುವುದು ಫ್ರೀವೀಲ್, ಅಂದರೆ ಹಬ್‌ಗೆ ತಿರುಪಿ ಕೂರಿಸುವ ಗೇರ್ ಕಟ್ಟು. ಅದರಲ್ಲಿ ಬಲಗಡೆಯ ಬೇರಿಂಗ್ ಗೇರುಗಳ ಒಳಬದಿಗೆ ಬರುತ್ತದೆ. ಅಲ್ಲಿಂದ ಫ್ರೇಮಿನ ತನಕ ಆಕ್ಸಲ್‌ಗೆ ಆಸರೆಯೇ ಇಲ್ಲ. ಗುಂಡಿಗೆ ಬಿದ್ದ ಪ್ರತಿ ಸಲವೂ ಅದು ಅಷ್ಟಷ್ಟೇ ಬಾಗಿ ಒಂದು ದಿನ ಮುರಿಯುತ್ತದೆ. ಇನ್ನೊಂದು ಬಗೆ ಕ್ಯಾಸೆಟ್, ಅದರ ಗೇರುಗಳು ಹಬ್‌ನ ಮೇಲೇ ಜಾರಿ ಕೂರುತ್ತವೆ. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ಹೊರಗಿನ ತುದಿಗೆ ಇರುತ್ತದೆ. ಅದಕ್ಕೇ ಮುರಿಯುವುದು ಅಪರೂಪ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಫ್ರೀವೀಲಾ, ಕ್ಯಾಸೆಟ್ಟಾ?

ಗೇರ್ ಎಷ್ಟಿದೆ ಅನ್ನುವುದಕ್ಕಿಂತ ಹಲ್ಲು ಎಣಿಸಿ. ನಿಮ್ಮ ಹಳೆಯದರಲ್ಲಿ ಮುಂದಿನ ಚಿಕ್ಕದು 24 ಹಲ್ಲು, ಹಿಂದಿನ ದೊಡ್ಡದು 28 ಇರಬಹುದು. ಹಾಗಿದ್ದರೆ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ 0.86 ಸುತ್ತು ತಿರುಗುತ್ತದೆ. ಮುಂದೆ ಒಂದೇ 32, ಹಿಂದೆ ದೊಡ್ಡದು 46 ಇರುವ ಸೈಕಲ್ಲಿನಲ್ಲಿ ಅದು 0.70 ಸುತ್ತಿಗೆ ಇಳಿಯುತ್ತದೆ. ಗೇರ್ ಬರೀ 9, ಆದರೂ ಏರು ಹಗುರವಾಗುತ್ತದೆ. ಮುಂದೆ ಗೇರ್ ಬದಲಿಸುವ ರಗಳೆಯೂ ಇಲ್ಲ, ಕೆಸರಲ್ಲಿ ಚೈನ್ ಸಿಕ್ಕಿಕೊಳ್ಳುವುದೂ ಕಡಿಮೆ.

ಟ್ಯೂಬಿನ ವಾಲ್ವ್ ಸಣ್ಣ ಪ್ರೆಸ್ಟಾ ಆಗಿದ್ದರೆ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಗಾಳಿ ಹೊಡೆಯಲು ಆಗುವುದಿಲ್ಲ. ಒಂದು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ಕೀ ಗೊಂಚಲಿಗೆ ಹಾಕಿಟ್ಟುಕೊಳ್ಳಿ.

ಸಕಲೇಶಪುರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಹಾಸನಕ್ಕೆ ಹೋಗಿ ಎರಡು ಸೈಕಲ್ ಓಡಿಸಿ ನೋಡಿದೆ. ಎಸ್ ಸೈಜ್, 27.5 ಚಕ್ರ, ಹೈಡ್ರಾಲಿಕ್ ಬ್ರೇಕ್, ಹಿಂದೆ 9 ಗೇರಿನ ಕ್ಯಾಸೆಟ್ ಇರುವುದಕ್ಕೆ ಮುಂಗಡ ಕೊಟ್ಟೆ. ಫೋರ್ಕ್ ಸ್ಪ್ರಿಂಗಿನದೇ. ಆದರೆ ರಬ್ಬರ್ ಬ್ಯಾಂಡ್ 55 ಮಿ.ಮೀ. ತನಕ ಸರಿಯಿತು. ಉಳಿದ ದುಡ್ಡಲ್ಲಿ ಹೆಲ್ಮೆಟ್, ಒಂದು ಜೊತೆ ಬ್ರೇಕ್ ಪ್ಯಾಡ್. ಡಿಸ್ಕ್ ಮೇಲೆ ಬಗ್ಗಿ ನೋಡಿದೆ, ರೆಸಿನ್ ಮಾತ್ರ ಅಂತಲೇ ಬರೆದಿದೆ. ಬುಧವಾರ ಕೈಗೆ ಬರುತ್ತದೆ. ಆ ಏರಿನಲ್ಲಿ ಇಳಿಯದೆ ಹತ್ತಿದ ದಿನ ಇಲ್ಲೇ ಬಂದು ಹೇಳುತ್ತೇನೆ.

ಮಡಿಕೇರಿಯಿಂದ

ಮೊದಲ ವಾರ ಸೀಟು ಒಂದಿಂಚು ಕೆಳಗೇ ಇರಲಿ. ಆಮೇಲೆ ಏರಿಸಿಕೊಳ್ಳಿ.