ಕುಸ್ತಿ ಮಾಂಟಾಜ್‌ಗೆ ಸ್ವಂತ ಹಾಡು: ಏಟಿಗೆ ಬೀಟ್ ಕೂಡಿಸೋದು ಹೆಂಗ?

ಗರಡಿಮನಿ_ಬಳ್ಳಾರಿ:
ನಮ್ಮ ಕಿರುಚಿತ್ರದಾಗ ಕುಸ್ತಿ ತಾಲೀಮಿನ ಮಾಂಟಾಜ್ (ಸಣ್ಣ ಸಣ್ಣ ಶಾಟ್ ಜೋಡಿಸಿದ ದೃಶ್ಯ) ಐತಿ, 1 ನಿಮಿಷ 20 ಸೆಕೆಂಡ್. ಒಂದು ಹಿಟ್ ಹಾಡು ಹಾಕ್ಕೊಂಡು ಎಡಿಟ್ ಮಾಡೀವಿ, ಅದರ ಹಕ್ಕು ಸಿಗಂಗಿಲ್ಲ. ಸ್ವಂತ ಟ್ಯೂನ್ ಹಾಕಿದ್ರ ಏಟು ಒಂದ್ಕಡೆ, ಬೀಟ್ ಒಂದ್ಕಡೆ. ‘ಐ ಆಫ್ ದ ಟೈಗರ್’ ಹಾಡು ಹಿಂಗ ಹುಟ್ಟಿದ್ದಂತ, ಖರೇನಾ? ಹೆಂಗ ಮಾಡಿದ್ರು?

ಎಡಿಟ್_ಟೇಬಲ್:
ಖರೇ. 1982ರ ಬಾಕ್ಸಿಂಗ್ ಸಿನಿಮಾ ‘ರಾಕಿ 3’. ಅದರ ನಾಯಕ, ನಿರ್ದೇಶಕ ಸ್ಟಲೋನ್ ಮೊದಲು ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಇಟ್ಟು ಕಟ್ ಮಾಡಿಸಿದ್ದರು, ಹಕ್ಕು ಸಿಗಲಿಲ್ಲ. ಆಮೇಲೆ ಸರ್ವೈವರ್ ತಂಡದ ಜಿಮ್ ಪೀಟರಿಕ್, ಫ್ರಾಂಕಿ ಸಲಿವನ್ ಕೈಗೆ ರಫ್ ಕಟ್ (ಚಿತ್ರದ ಕಚ್ಚಾ ಎಡಿಟ್) ಹೋಯಿತು. ಆರಂಭದ ಆ ಗಿಟಾರ್ ಹೊಡೆತಗಳನ್ನು ತೆರೆ ಮೇಲಿನ ಗುದ್ದು ನೋಡಿಯೇ ಕೂರಿಸಿದ್ದು. ಪಲ್ಲವಿಯ ಮಾತು ಸಿನಿಮಾದ ಸಂಭಾಷಣೆಯಿಂದ ಬಂತು. ಚಿತ್ರದಲ್ಲಿ ಕೇಳುವುದು ಡೆಮೊ ರೆಕಾರ್ಡಿಂಗೇ. ಅಮೆರಿಕದ ಪಟ್ಟಿಯಲ್ಲಿ 6 ವಾರ ಮೊದಲ ಸ್ಥಾನದಲ್ಲಿತ್ತು. ಇದ್ದ ಹಾಡನ್ನು ಅವರು ನಕಲು ಮಾಡಲಿಲ್ಲ, ಚಿತ್ರ ನೋಡಿ ಬರೆದರು. ನೀವೂ ಆ ಹಳೇ ಹಾಡನ್ನು ಟೈಮ್‌ಲೈನ್‌ನಿಂದ ಅಳಿಸಿಯೇ ಸಂಗೀತದವರಿಗೆ ಕಳಿಸಿ. ಇಲ್ಲದಿದ್ದರೆ ಅದರ ನೆರಳಿನಂಥ ಟ್ಯೂನೇ ವಾಪಸ್ ಬರುತ್ತೆ.

ತುಂಗಭದ್ರಾ_ಬೀಟ್ಸ್:
ಲೆಕ್ಕ ಕೇಳ್ರಿ. ವಿಡಿಯೋ ಸೆಕೆಂಡಿಗೆ 24 ಫ್ರೇಮ್ ಇದ್ರ, 1440ನ್ನ ಬಿಪಿಎಂನಿಂದ (ನಿಮಿಷಕ್ಕ ಎಷ್ಟು ಬೀಟ್ ಅನ್ನೋದು) ಭಾಗಿಸ್ರಿ: ಒಂದು ಬೀಟ್‌ಗೆ ಎಷ್ಟು ಫ್ರೇಮ್ ಅಂತ ಬರ್ತೈತಿ. 96 ಬಿಪಿಎಂಗೆ ಸರಿಯಾಗಿ 15, 120ಕ್ಕೆ 12. 100 ಇಟ್ರ 14.4, ಐದು ಬೀಟಿಗೊಮ್ಮೆ ಮಾತ್ರ ಕಟ್ ಸರಿಯಾಗಿ ಬೀಟ್ ಮೇಲೆ ಕೂಡ್ತೈತಿ. 96ರಾಗ ನಾಲ್ಕು ಬೀಟಿನ ಒಂದು ಬಾರ್ ಅಂದ್ರ 2.5 ಸೆಕೆಂಡ್, ನಿಮ್ಮ 80 ಸೆಕೆಂಡಿಗೆ ಬರೋಬ್ಬರಿ 32 ಬಾರ್. 4 ಬಾರ್ ಪೀಠಿಕೆ, 8 ಪಲ್ಲವಿ, 8 ಚರಣ, 4 ಬರೀ ಹಲಗಿ ವಾದ್ಯ, ಮತ್ತ 8 ಪಲ್ಲವಿ. ಪಟ್ಟು ಬೀಳೋ ದೊಡ್ಡ ಶಾಟ್ ಹಲಗಿ ಮುಗಿಯೋ ಜಾಗಕ್ಕ ಇಡ್ರಿ.

ಎಲ್ಲಾ ಏಟಿಗೂ ಬೀಟ್ ಕೊಡಬ್ಯಾಡ್ರಿ, ಕಾರ್ಟೂನ್ ಆಗ್ತೈತಿ. ನಾಲ್ಕೈದು ಸಾಕು.

ಸಾಹಿತ್ಯ_ಕೊಪ್ಪಳ:
ಸಾಹಿತ್ಯದ ಬಗ್ಗೆ ಒಂದೇ ಮಾತು: ಎಳೆಯುವ ಸ್ವರದ ಮೇಲೆ ‘ಆ’, ‘ಏ’, ‘ಓ’ ಬರಲಿ. ‘ಗೆದ್ದು’ ಅಂತ ಎತ್ತರದ ಸ್ವರದಲ್ಲಿ ನಿಲ್ಲಿಸಿದರೆ ಗಾಯಕರ ಬಾಯಿ ಮುಚ್ಚಿ ಬಲ ಹೋಗುತ್ತೆ. ‘ಏಳೋ’, ‘ಬಾರಾ’ ನಿಲ್ಲುತ್ತವೆ.

ಹಲಗಿ ರೆಕಾರ್ಡ್ ಮಾಡುವಾಗ ಚರ್ಮ ಕಾಯಿಸಿ ಹೊತ್ತಾದಂತೆ ಸಡಿಲಾಗಿ ಶ್ರುತಿ ಇಳಿಯುತ್ತೆ. ಮೊದಲ ಟೇಕು, ಕೊನೇ ಟೇಕು ಜೋಡಿಸಿದರೆ ಎರಡು ಬೇರೆ ವಾದ್ಯದಂತೆ ಕೇಳುತ್ತೆ. ಮತ್ತೆ ಕಾಯಿಸಿಕೊಂಡೇ ಮುಂದಿನ ಟೇಕ್. ಮೈಕು ಮೂರು ಅಡಿ ದೂರ, ನೇರ ಚರ್ಮದೆದುರು ಬೇಡ, ಸ್ವಲ್ಪ ಓರೆ. ಬಳ್ಳಾರಿ ಬಿಸಿಲಲ್ಲಿ ಫ್ಯಾನ್ ಆರಿಸೋದು ಶಿಕ್ಷೆಯೇ, ಆದರೂ ಆರಿಸಿ.

ಗರಡಿಮನಿ_ಬಳ್ಳಾರಿ:
ಶೂಟ್ ಮಾಡಿದ್ದು ಫೋನ್‌ನಾಗ. ಮೊದಲು ಬೀಟ್ ಕೂಡ್ತೈತಿ, ಕೊನೀಗೆ ಜಾರ್ತೈತಿ.

ಎಡಿಟ್_ಟೇಬಲ್:
ಫೋನ್ ವಿಡಿಯೋದಲ್ಲಿ ಫ್ರೇಮ್ ರೇಟ್ ಏರಿಳಿಯುತ್ತೆ, ಅದೇ ಕಾರಣ ಇರಬೇಕು. ಮೂಲ ಕ್ಲಿಪ್‌ಗಳನ್ನು ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ (ಏರಿಳಿಯದ) 24 ಫ್ರೇಮ್‌ಗೆ ಬದಲಿಸಿ, ಆಮೇಲೆ ಕಟ್ ಸರಿಮಾಡಿ. ಟೈಮ್‌ಲೈನ್ 25ರಲ್ಲಿದ್ದರೆ ಮೇಲಿನ ಲೆಕ್ಕಕ್ಕೆ 1440 ಬದಲು 1500. ಆಗ 100 ಬಿಪಿಎಂ ಸರಿಹೋಗುತ್ತೆ. ಹಾಡನ್ನು 48 ಕಿಲೋಹರ್ಟ್ಸ್ ವೇವ್ ಫೈಲಾಗಿ ತರಿಸಿ. ಎಂಪಿ3ಯಲ್ಲಿ ಶುರುವಿಗೆ ಚೂರು ಮೌನ ಸೇರಿಕೊಳ್ಳುತ್ತೆ, ಮೊದಲ ಏಟೇ ತಪ್ಪುತ್ತೆ.